ಮನೆಯಲ್ಲೇ ರೆಸಿನ್ ಎರಕ: ದಾವಣಗೆರೆಯಲ್ಲಿ ಸಾಮಾನು ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ಸು, ಲಾರಿ, ರೈಲಿನ ಮಾಡೆಲ್ ಮಾಡುವವರು ನಮ್ಮ ಕಡೆ ಎಷ್ಟೋ ಜನ ಇದ್ದಾರೆ. ಸನ್‌ಬೋರ್ಡ್ ಅನ್ನುವ ಹಗುರ ಫೋಮ್ ಹಲಗೆಯಲ್ಲಿ ಬಾಡಿಯನ್ನು ತುಂಬಾ ಚೆನ್ನಾಗಿ ಕಟ್ಟುತ್ತಾರೆ. ಚಕ್ರ, ಗ್ರಿಲ್, ಸೀಟು ಅಂತ ಬಂದಾಗ ಕೈ ನಿಲ್ಲುತ್ತದೆ. ಒಂದು ಸೀಟನ್ನು ಕೆತ್ತಬಹುದು, ಬಸ್ಸಿನ ತುಂಬಾ ಒಂದೇ ಥರದ ಸೀಟು ಕೆತ್ತಲು ಆಗುವುದಿಲ್ಲ. ಒಂದೇ ಒಂದು ಪೀಸನ್ನು ಚೆನ್ನಾಗಿ ಮಾಡಿ, ಅದಕ್ಕೆ ಸಿಲಿಕೋನ್ ಅಚ್ಚು ತೆಗೆದು, ಬೇಕಾದಷ್ಟು ರೆಸಿನ್ (ಬೆರೆಸಿ ಸುರಿದ ಮೇಲೆ ಗಟ್ಟಿಯಾಗುವ ದ್ರವ ಪ್ಲಾಸ್ಟಿಕ್) ಪೀಸ್ ಎರಕ ಹೊಯ್ಯುವುದೇ ಇದಕ್ಕೆ ದಾರಿ. "ಸಾಮಾನು ಎಲ್ಲಿ ಸಿಗುತ್ತೆ, ಎಲ್ಲಾ ಬೆಂಗಳೂರಿಂದಲೇ ತರಬೇಕಾ?" ಅಂತ ಕೇಳುವವರಿಗಾಗಿ ಇದನ್ನು ಬರೆದಿದ್ದೇನೆ.

ಶುರು ಮಾಡಲು ಕಡಿಮೆ ಅಂದರೆ ಏನೇನು ಬೇಕು?

ಮೂಲ ಪೀಸು (ಇದನ್ನು ಮಾಸ್ಟರ್ ಅನ್ನುತ್ತಾರೆ), ಅಚ್ಚಿನ ಡಬ್ಬಿ ಕಟ್ಟಲು ಅಕ್ರಿಲಿಕ್ ತುಂಡು, ಗ್ಲೂ ಗನ್, ಅಚ್ಚಿಗೆ ಸಿಲಿಕೋನ್, ಎರಕಕ್ಕೆ ರೆಸಿನ್, 0.1 ಗ್ರಾಂ ತೋರಿಸುವ ತಕ್ಕಡಿ, ಪ್ಲಾಸ್ಟಿಕ್ ಕಪ್ಪು, ಕಲಕಲು ಐಸ್‌ಕ್ರೀಮ್ ಕಡ್ಡಿ, ನೈಟ್ರೈಲ್ ಗ್ಲೌಸು, ಸರಿಯಾದ ಮಾಸ್ಕು. ಗುಳ್ಳೆ ಹೋಗಿಸಲು ಬಳಸುವ ವ್ಯಾಕ್ಯೂಮ್ ಪಂಪು, ಪ್ರೆಶರ್ ಪಾಟು ಮೊದಲ ದಿನವೇ ಬೇಕಾಗಿಲ್ಲ.

ತಕ್ಕಡಿಯಲ್ಲಿ ಮಾತ್ರ ಜಿಪುಣತನ ಮಾಡಬೇಡಿ. ಸಣ್ಣ ಪೀಸಿಗೆ ಎರಡು ಭಾಗದ ರೆಸಿನ್ನನ್ನು 10 ಗ್ರಾಂ, 10 ಗ್ರಾಂ ತೂಗುತ್ತೀರಿ. ಅಡುಗೆ ಮನೆಯ ತಕ್ಕಡಿ 1 ಗ್ರಾಂ ಆಚೀಚೆ ತೋರಿಸಿದರೂ ಅಳತೆ ಶೇಕಡಾ 10 ತಪ್ಪಿತು. ಆಮೇಲೆ ಪೀಸು ಅಂಟಂಟಾಗಿಯೇ ಉಳಿಯುತ್ತದೆ. ಅಕ್ಕಸಾಲಿಗರ ಸಾಮಾನಿನ ಅಂಗಡಿಯಲ್ಲಿ ಸಿಗುವ ಪುಟ್ಟ ಡಿಜಿಟಲ್ ತಕ್ಕಡಿ ಈ ಕೆಲಸಕ್ಕೆ ಸಾಕು.

ದಾವಣಗೆರೆಯಲ್ಲೇ ಏನೇನು ಸಿಗುತ್ತೆ?

ಹೆಚ್ಚುಕಡಿಮೆ ಎಲ್ಲವೂ. ಹೊರಗಿನಿಂದ ತರಿಸಲೇಬೇಕಾದ್ದು ಎರಡೇ: ಅಚ್ಚಿನ ಸಿಲಿಕೋನ್ ಮತ್ತು ಪಾಲಿಯುರೆಥೇನ್ ರೆಸಿನ್. ಉಳಿದಿದ್ದೆಲ್ಲಾ ಊರಲ್ಲೇ ಇದೆ, ಆದರೆ "ಮಾಡೆಲ್ ಸಾಮಾನು" ಅನ್ನೋ ಬೋರ್ಡಿನ ಕೆಳಗೆ ಸಿಗುವುದಿಲ್ಲ. ಬೇರೆ ಕಸುಬಿನವರು ಎಲ್ಲಿ ಕೊಳ್ಳುತ್ತಾರೋ ಅಲ್ಲಿಗೆ ಹೋಗಬೇಕು. ಅಚ್ಚಿನ ಡಬ್ಬಿಗೆ ಬೇಕಾದ ಅಕ್ರಿಲಿಕ್, ಸನ್‌ಬೋರ್ಡ್ ತುಂಡುಗಳು ಎಲ್‌ಇಡಿ ಬೋರ್ಡ್ ಮಾಡುವವರ ಹತ್ತಿರ ರಾಶಿ ಬಿದ್ದಿರುತ್ತವೆ. ಪ್ರೈಮರ್, ಪುಟ್ಟಿ, ವಾಟರ್ ಪೇಪರ್‌ಗೆ ಗಾಡಿ ಪೇಂಟಿನ ಅಂಗಡಿ. ಬಳಸಿ ಬಿಸಾಡುವ ಕಪ್ಪುಗಳನ್ನು ಮಂಡಿಪೇಟೆಯಲ್ಲಿ ಕಟ್ಟಿನ ಲೆಕ್ಕದಲ್ಲೇ ತನ್ನಿ. ಪೇಪರ್ ಕಪ್ಪು ಬೇಡ. ಕಾಗದ ತೇವ ಹಿಡಿದಿರುತ್ತದೆ, ಒಳಗೆ ಮೇಣದ ಲೇಪ ಇದ್ದರೆ ಅದೂ ಕಿತ್ತು ರೆಸಿನ್ನಿಗೆ ಸೇರುತ್ತದೆ. ವ್ಯಾಸಲೀನ್, ಗ್ಲೌಸು, ಸಿರಿಂಜು ಮೆಡಿಕಲ್ ಶಾಪಿನಲ್ಲಿ ಸಿಗುತ್ತವೆ.

ಇವೆಲ್ಲಕ್ಕಿಂತ ದೊಡ್ಡ ಅನುಕೂಲ ಒಂದು ನಮ್ಮೂರಿಗಿದೆ. ಮಾಡೆಲ್ ಮಾಡುವ ಎಷ್ಟೋ ಜನರಿಗೆ ಅದು ಹೊಳೆದೇ ಇಲ್ಲ. ಮುಂದಿನ ಪ್ರಶ್ನೆ ನೋಡಿ.

ಡೆಂಟಲ್ ಅಂಗಡಿಗೆ ಹೋಗಿ ಅಂತ ಯಾಕೆ ಹೇಳುತ್ತೀರಿ?

ಬಾಪೂಜಿ ಡೆಂಟಲ್ ಕಾಲೇಜು, ಕಾಲೇಜ್ ಆಫ್ ಡೆಂಟಲ್ ಸೈನ್ಸಸ್ ಎರಡೂ ಈ ಊರಲ್ಲೇ ಇವೆ. ಅಷ್ಟು ವಿದ್ಯಾರ್ಥಿಗಳು ಹಲ್ಲಿನ ಅಚ್ಚು ತೆಗೆದು ಎರಕ ಹೊಯ್ದು ಕಲಿಯುವ ಊರು ಇದು. ಅವರು ಮಾಡುವುದೂ ನಾವು ಮಾಡುವುದೂ ಒಂದೇ ಕೆಲಸ ಅಲ್ವಾ? ಅವರಿಗೆ ಸಾಮಾನು ಮಾರುವ ಅಂಗಡಿಯಲ್ಲಿ ನಮಗೆ ಬೇಕಾದ್ದು ಬಹಳ ಇದೆ.

ಮೊದಲನೆಯದು ಸಿಲಿಕೋನ್ ಪುಟ್ಟಿ. ಎರಡು ಡಬ್ಬಿಯಲ್ಲಿ ಎರಡು ಬಣ್ಣದಲ್ಲಿ ಬರುತ್ತದೆ. ಸಮಸಮ ತಗೊಂಡು, ಬಣ್ಣದ ಗೆರೆ ಹೋಗಿ ಒಂದೇ ಬಣ್ಣ ಆಗುವವರೆಗೆ ಬೆರಳಲ್ಲಿ ನಾದಬೇಕು. ಮಾಸ್ಟರ್ ಮೇಲೆ ಒತ್ತಿ ಹಿಡಿದರೆ ಐದಾರು ನಿಮಿಷದಲ್ಲಿ ಅಚ್ಚು ರೆಡಿ. ನಾದುವಾಗ ಲ್ಯಾಟೆಕ್ಸ್ ಗ್ಲೌಸು ಹಾಕಬೇಡಿ. ಲ್ಯಾಟೆಕ್ಸಿನಲ್ಲಿರುವ ಗಂಧಕ ತಗುಲಿದರೆ ಪುಟ್ಟಿ ಗಟ್ಟಿಯಾಗುವುದಿಲ್ಲ. ಹೆಡ್‌ಲೈಟ್ ರಿಂಗು, ಬಾಗಿಲ ಹಿಡಿ, ವೈಪರ್ ಬುಡದಂಥ ಚಿಕ್ಕ ಪೀಸಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಗ್ರಾಂ ಲೆಕ್ಕದಲ್ಲಿ ದುಬಾರಿ, ಹಾಗಾಗಿ ದೊಡ್ಡ ಅಚ್ಚಿಗೆ ಬೇಡ. ತೀರಾ ಸಣ್ಣ ವಿವರ ಬೇಕಿದ್ದರೆ ಲೈಟ್ ಬಾಡಿ ಅನ್ನುವ ತೆಳು ಸಿಲಿಕೋನನ್ನು ಮೊದಲು ಮಾಸ್ಟರ್ ಮೇಲೆ ಹಚ್ಚಿ, ಹಿಂದಿನಿಂದ ಪುಟ್ಟಿ ಒತ್ತಬೇಕು. ಹಲ್ಲಿನ ಡಾಕ್ಟರು ಮಾಡುವುದೂ ಹೀಗೇ.

ಎರಡನೆಯದು ಡೆಂಟಲ್ ಸ್ಟೋನ್. ಪ್ಲಾಸ್ಟರ್ ಆಫ್ ಪ್ಯಾರಿಸ್‌ನ ಜಾತಿಯದ್ದೇ, ಆದರೆ ಅದಕ್ಕಿಂತ ಎಷ್ಟೋ ಗಟ್ಟಿ. ಅಚ್ಚು ಸರಿ ಬಂದಿದೆಯಾ ಅಂತ ನೋಡಲು ದುಬಾರಿ ರೆಸಿನ್ ಯಾಕೆ ಸುರಿಯಬೇಕು? ಮೊದಲ ಎರಕ ಸ್ಟೋನಿನಲ್ಲಿ ಹೊಯ್ಯಿರಿ. ಆಮೇಲೆ ಅಚ್ಚನ್ನು ಪೂರ್ತಿ ಒಣಗಿಸಿಯೇ ರೆಸಿನ್ನಿಗೆ ಬಳಸಿ. ಕೋಟೆಯ ಗೋಡೆ, ಕಲ್ಲುಬಂಡೆ, ಪ್ಲಾಟ್‌ಫಾರ್ಮಿನ ಅಂಚು ಇಂಥವನ್ನಂತೂ ಸ್ಟೋನಿನಲ್ಲೇ ಮಾಡಿ ಬಿಡಬಹುದು.

ಮೂರನೆಯದು ವೈಬ್ರೇಟರ್. ಪ್ಲಾಸ್ಟರಿನ ಗುಳ್ಳೆ ಬಿಡಿಸಲು ಲ್ಯಾಬಿನಲ್ಲಿ ಇಡುವ ನಡುಗುವ ಮೇಜು. ಹೊಸದಾಗಿ ಸುರಿದ ಸಿಲಿಕೋನಿಗೂ ಇದು ಒಳ್ಳೆಯದೇ.

ಆಲ್ಜಿನೇಟ್ ಅನ್ನೋ ಪುಡಿಯೂ ಅಲ್ಲೇ ಸಿಗುತ್ತದೆ, ಅಗ್ಗ. ಆದರೆ ಅದರಲ್ಲಿ ನೀರೇ ಜಾಸ್ತಿ. ಒಣಗುತ್ತಾ ಕುಗ್ಗುತ್ತದೆ, ಪಾಲಿಯುರೆಥೇನ್ ಸುರಿದರೆ ನೊರೆ ಬರುತ್ತದೆ. ರೆಸಿನ್ನಿಗೆ ಬೇಡ.

ಸಿಲಿಕೋನಿನಲ್ಲಿ ಟಿನ್ ಒಳ್ಳೆಯದೋ ಪ್ಲಾಟಿನಂ ಒಳ್ಳೆಯದೋ?

ಟಿನ್, ಪ್ಲಾಟಿನಂ ಅನ್ನುವುದು ಸಿಲಿಕೋನನ್ನು ಗಟ್ಟಿಯಾಗಿಸುವ ಕ್ಯಾಟಲಿಸ್ಟಿನ ಬಗೆ. ಮೊದಲ ಸಲಕ್ಕೆ ಟಿನ್ ತಗೊಳ್ಳಿ. ಆರ್‌ಟಿವಿ-2 ಅಂತ ಮಾರುವುದರಲ್ಲಿ ಬಹುಪಾಲು ಇದೇ. ಬೇಸ್‌ಗೆ ನೂರಕ್ಕೆ ಮೂರರಿಂದ ಐದು ಭಾಗದಷ್ಟು ಕ್ಯಾಟಲಿಸ್ಟ್ ತೂಕದಲ್ಲಿ ಬೆರೆಸುವುದು. ಸರಿಯಾದ ಅಂಕಿ ಡಬ್ಬಿಯ ಮೇಲೆ ಇರುತ್ತದೆ, ಅದನ್ನೇ ಪಾಲಿಸಿ. ಬೆಲೆ ಕಡಿಮೆ, ಮಾಸ್ಟರ್ ಏನೇ ಇದ್ದರೂ ಸಾಮಾನ್ಯವಾಗಿ ಗಟ್ಟಿಯಾಗುತ್ತದೆ. ಇದರ ಕೊರತೆ ಅಂದರೆ ಅಚ್ಚು ಸ್ವಲ್ಪ ಕುಗ್ಗುತ್ತದೆ, ವರ್ಷಗಳು ಕಳೆದಂತೆ ಸೀಳಿ ಹರಿದುಹೋಗಲು ಶುರುವಾಗುತ್ತದೆ.

ಪ್ಲಾಟಿನಂ ಸಿಲಿಕೋನ್ ಕುಗ್ಗುವುದು ತೀರಾ ಕಡಿಮೆ, ಬಾಳಿಕೆ ಜಾಸ್ತಿ, ಬೆಲೆಯೂ ಜಾಸ್ತಿ. ಅದು ತುಂಬಾ ಸೂಕ್ಷ್ಮ. ಗಂಧಕ ಇರುವ ಜೇಡಿ, ಲ್ಯಾಟೆಕ್ಸು, ಟಿನ್ ಸಿಲಿಕೋನಿಗೆ ಬಳಸಿದ ಕಡ್ಡಿ, ಸರಿಯಾಗಿ ಗಟ್ಟಿಯಾಗದ ರೆಸಿನ್ ತ್ರೀಡಿ ಪ್ರಿಂಟು, ಯಾವುದು ತಗುಲಿದರೂ ಆ ಜಾಗದಲ್ಲಿ ಅಂಟಾಗಿಯೇ ನಿಂತುಬಿಡುತ್ತದೆ. ಎರಡು ಬಗೆಯ ಸಿಲಿಕೋನಿಗೂ ಕಪ್ಪು, ಕಡ್ಡಿ ಬೇರೆ ಬೇರೆ ಇಡಿ.

ಕೊಳ್ಳುವಾಗ ಗಡಸುತನ ಕೇಳಿ. ರಬ್ಬರಿನ ಗಡಸುತನ ಅಳೆಯುವ ಶೋರ್ ಎ ಲೆಕ್ಕದಲ್ಲಿ 20ರಿಂದ 30ರೊಳಗಿನದು ಮಾಡೆಲ್ ಪೀಸಿಗೆ ಸರಿ. ಅದಕ್ಕಿಂತ ಮೆತ್ತಗಿದ್ದರೆ ಅಚ್ಚು ಸೊಟ್ಟಗಾಗುತ್ತದೆ. ಗಟ್ಟಿ ಇದ್ದರೆ ಬಸ್ಸಿನ ಕನ್ನಡಿ ಹಿಡಿಯುವ ತೆಳು ಕಡ್ಡಿಯಂಥ ಪೀಸು ಬಿಡಿಸುವಾಗಲೇ ಮುರಿಯುತ್ತದೆ. ಟಿನ್ ಅಚ್ಚು ಬಿಡಿಸಿದ ತಕ್ಷಣ ರೆಸಿನ್ ಸುರಿಯಬೇಡಿ, ಒಂದು ದಿನ ಗಾಳಿಗೆ ಬಿಡಿ. ಗಟ್ಟಿಯಾಗುವಾಗ ಅದರಿಂದ ಆಲ್ಕೋಹಾಲ್ ಹೊರಬರುತ್ತದೆ. ಅದು ಪೂರ್ತಿ ಹೋಗದಿದ್ದರೆ ಪಾಲಿಯುರೆಥೇನ್ ಪೀಸಿನ ಮೈ ಅಂಟುತ್ತದೆ.

ಹಾರ್ಡ್‌ವೇರ್ ಅಂಗಡಿಯ ಸಿಲಿಕೋನ್ ಟ್ಯೂಬ್ ಆಗಲ್ವಾ?

ಕಿಟಕಿ ಗಾಜಿಗೆ ಹಚ್ಚುವ, ವಿನೆಗರ್ ವಾಸನೆಯ ಆ ಸಿಲಿಕೋನ್ ಗಾಳಿಯ ತೇವದಿಂದ ಗಟ್ಟಿಯಾಗುತ್ತದೆ. ಮೇಲ್ಪದರ ಗಟ್ಟಿಯಾದ ಮೇಲೆ ಒಳಕ್ಕೆ ತೇವ ಹೋಗುವುದಿಲ್ಲ, ಒಳಗೆ ದಿನಗಟ್ಟಲೆ ಹಸಿಯಾಗಿಯೇ ಇರುತ್ತದೆ. ಜೋಳದ ಪಿಷ್ಟ, ಅಂದರೆ ಕಾರ್ನ್‌ಫ್ಲೋರ್ ಸೇರಿಸಿ ನಾದಿದರೆ ಆ ಪಿಷ್ಟದ ತೇವದಿಂದಲೇ ಒಳಗೂ ಗಟ್ಟಿಯಾಗುತ್ತದೆ. ಬಂಡೆ, ಮೂಟೆ, ಲಾರಿಯ ಲೋಡಿನಂಥ ಒರಟು ಪೀಸಿಗೆ ಇದು ನಡೆಯುತ್ತದೆ. ಬಸ್ಸಿನ ಗ್ರಿಲ್ಲಿಗೆ ನಡೆಯುವುದಿಲ್ಲ.

ಎಷ್ಟು ಸಿಲಿಕೋನ್ ತರಿಸಬೇಕು?

ಲೆಕ್ಕ ಹಾಕಿಯೇ ತರಿಸಿ. ಬಸ್ಸಿನ ಚಕ್ರವನ್ನೇ ನೋಡೋಣ. ಈಗಿನ ದೊಡ್ಡ ಬಸ್ಸುಗಳಿಗೆ ಬರುವ 295/80 ಆರ್ 22.5 ಟೈರಿನ ಹೊರ ಅಳತೆ ಸುಮಾರು 1,044 ಮಿ.ಮೀ. 1:32ರಲ್ಲಿ (ಅಸಲಿಯ 32ನೇ ಒಂದು ಭಾಗದ ಮಾಡೆಲ್) ಅದು 33 ಮಿ.ಮೀ. ಸುಮಾರು, 1:24ರಲ್ಲಿ 43.5 ಮಿ.ಮೀ.

1:32ರ ಚಕ್ರ 9 ಮಿ.ಮೀ. ದಪ್ಪ ಇದೆ ಅಂದುಕೊಳ್ಳಿ. ಸುತ್ತಲೂ 8 ಮಿ.ಮೀ. ಬಿಟ್ಟರೆ ಡಬ್ಬಿ ಉದ್ದ ಅಗಲ 5 ಸೆಂ.ಮೀ., ಎತ್ತರ 2 ಸೆಂ.ಮೀ. ಒಟ್ಟು 50 ಸಿಸಿ. ಚಕ್ರ ಸುಮಾರು 8 ಸಿಸಿ ತಿನ್ನುತ್ತದೆ. ಉಳಿದ 42 ಸಿಸಿಗೆ ಸಿಲಿಕೋನ್ ಸುಮಾರು 50 ಗ್ರಾಂ, ಯಾಕೆಂದರೆ ಅದು ನೀರಿಗಿಂತ ಸ್ವಲ್ಪ ಭಾರ. ಬಸ್ಸಿನ ಮುಂದಿನ ಚಕ್ರದ ಮುಖ ಹೊರಕ್ಕೆ ಉಬ್ಬಿರುತ್ತದೆ, ಹಿಂದಿನದು ಒಳಕ್ಕೆ ತಗ್ಗಿರುತ್ತದೆ. ಹಾಗಾಗಿ ಎರಡು ಮಾಸ್ಟರ್, ಎರಡು ಅಚ್ಚು, 100 ಗ್ರಾಂ. ಕಪ್ಪಿಗೆ ಅಂಟುವುದಕ್ಕೆ ಇನ್ನೊಂದಿಷ್ಟು. ಒಂದು ಕೆ.ಜಿ. ತಗೊಂಡರೆ ಒಂದು ಬಸ್ಸಿನ ಚಕ್ರ, ಸೀಟು, ಗ್ರಿಲ್, ಲೈಟು ಎಲ್ಲಾ ಮುಗಿದು ಮಿಗುತ್ತದೆ. ಐದು ಕೆ.ಜಿ. ಡಬ್ಬ ಅಗ್ಗ ಅಂತ ಸುಮ್ನೆ ತರಿಸಬೇಡಿ. ತೆರೆದ ಮೇಲೆ ಅದಕ್ಕೂ ಆಯುಸ್ಸು ಕಡಿಮೆ.

ಪಾಲಿಯುರೆಥೇನ್, ಎಪಾಕ್ಸಿ, ಫೈಬರ್ ರೆಸಿನ್: ಯಾವುದು ತಗೊಳ್ಳಲಿ?

ಮಾಡೆಲ್ ಪೀಸಿಗೆ ಪಾಲಿಯುರೆಥೇನೇ ನನ್ನ ಆಯ್ಕೆ. ಎಲ್ಲರೂ ಪಿಯು ಅನ್ನುತ್ತಾರೆ. ನೀರಿನಷ್ಟು ತೆಳ್ಳಗಿರುತ್ತದೆ, ಗ್ರಿಲ್ಲಿನ ಸಂದುಗೊಂದಿಗೂ ಇಳಿಯುತ್ತದೆ. ವೇಗದ ಬಗೆಯದು ಬೆರೆಸಿದ ಎರಡು ಮೂರು ನಿಮಿಷದಲ್ಲೇ ಗಟ್ಟಿಯಾಗಲು ಶುರು, ಅರ್ಧ ಗಂಟೆಯಲ್ಲಿ ಪೀಸು ಕೈಗೆ. ಮರಳು ಕಾಗದಕ್ಕೆ, ಡ್ರಿಲ್ಲಿಗೆ ಚೆನ್ನಾಗಿ ಬಗ್ಗುತ್ತದೆ. ಅಳತೆಯ ವಿಷಯದಲ್ಲಿ ಒಂದು ಎಚ್ಚರ: ಕೆಲವು ಪಿಯು "ಅಳತೆಯಲ್ಲಿ (ಅಂದರೆ ಮಿ.ಲೀ. ಲೆಕ್ಕದಲ್ಲಿ) ಸಮಸಮ, ತೂಕದಲ್ಲಿ 100ಕ್ಕೆ 90" ಅಂತ ಇರುತ್ತವೆ. ಯಾವ ಅಂಕಿ ತೂಕದ್ದು, ಯಾವುದು ಅಳತೆಯದ್ದು ಅಂತ ಲೇಬಲ್ ನೋಡಿಯೇ ಬೆರೆಸಿ. ಇದರ ವೈರಿ ನೀರು. ಒಂದು ಹನಿ ತೇವ ಸೇರಿದರೂ ಇಂಗಾಲದ ಡೈಆಕ್ಸೈಡ್ ಹುಟ್ಟಿ ಪೀಸೆಲ್ಲಾ ನೊರೆ.

ಎಪಾಕ್ಸಿ ಊರಲ್ಲೇ ಸಿಗುತ್ತದೆ. ರೆಸಿನ್ ಆರ್ಟ್ ಹೆಸರಲ್ಲಿ ಕ್ರಾಫ್ಟ್ ಅಂಗಡಿಗಳಿಗೂ ಬಂದಿದೆ. ವಾಸನೆ ಕಡಿಮೆ, ಆತುರ ಇಲ್ಲ, ಗುಳ್ಳೆ ಬಿಡಿಸಲು ಸಮಯ ಸಿಗುತ್ತದೆ. ಆದರೆ ಪೀಸು ಬಿಡಿಸಲು ಒಂದು ದಿನ ಕಾಯಬೇಕು. ಮಂದ ಇರುವುದರಿಂದ ಚೂಪು ಮೂಲೆಗಳಲ್ಲಿ ಗಾಳಿ ಸಿಕ್ಕಿಕೊಳ್ಳುತ್ತದೆ. ಪಿಯು ಬರುವವರೆಗೆ ಕೈ ಪಳಗಿಸಲು ಎಪಾಕ್ಸಿ ಸರಿಯಾದದ್ದು. ತುಂಬಾ ಬೆರೆಸಿ ಕಪ್ಪಿನಲ್ಲೇ ಬಿಡಬೇಡಿ. ರಾಶಿಯಾಗಿ ಇದ್ದಷ್ಟೂ ಅದು ತಾನಾಗೇ ಬಿಸಿಯೇರಿ ಹೊಗೆಯಾಡಿಬಿಡುತ್ತದೆ.

ಫೈಬರ್ ರೆಸಿನ್ ಅಂದರೆ ಪಾಲಿಯೆಸ್ಟರ್. ಮೂರರಲ್ಲಿ ಇದೇ ಅಗ್ಗ. ಆದರೆ ಗಟ್ಟಿಯಾಗುವಾಗ ಬಹಳ ಕುಗ್ಗುತ್ತದೆ. ಅದರ ಸ್ಟೈರೀನ್ ವಾಸನೆ ಮನೆಯೆಲ್ಲಾ ಹಿಡಿಯುತ್ತದೆ, ಸಿಲಿಕೋನ್ ಅಚ್ಚನ್ನೂ ಬೇಗ ತಿಂದುಹಾಕುತ್ತದೆ. ಮನೆಯೊಳಗೆ ಬೇಡ ಅಂತಲೇ ಹೇಳುತ್ತೇನೆ. ಅಂಗಳದಲ್ಲಿ ಮಾಡುವುದಾದರೂ ಒಂದು ಮಾತನ್ನು ಗಟ್ಟಿಯಾಗಿ ನೆನಪಿಡಿ. ಅದರ ಜೊತೆ ಕೊಡುವ ನೇರಳೆ ಬಣ್ಣದ ಕೋಬಾಲ್ಟನ್ನೂ ನೀರಿನಂತಿರುವ ಕ್ಯಾಟಲಿಸ್ಟನ್ನೂ ನೇರವಾಗಿ ಒಂದಕ್ಕೊಂದು ಬೆರೆಸಲೇಬಾರದು, ಬೆಂಕಿ ಹತ್ತುತ್ತದೆ, ಸಿಡಿಯುತ್ತದೆ. ಕೋಬಾಲ್ಟನ್ನು ಮೊದಲು ರೆಸಿನ್ನಿಗೆ ಹಾಕಿ ಚೆನ್ನಾಗಿ ಕಲಕಿ, ಆಮೇಲಷ್ಟೇ ಕ್ಯಾಟಲಿಸ್ಟ್. ಆ ಕ್ಯಾಟಲಿಸ್ಟ್ ಕಣ್ಣಿಗೆ ಸಿಡಿದರೆ ಕಣ್ಣೇ ಹೋಗಬಹುದು. ಕನ್ನಡಕ ಇಲ್ಲದೆ ಆ ಬಾಟಲಿ ಮುಚ್ಚಳ ತೆಗೆಯಬೇಡಿ.

ನಮ್ಮ ಹವೆಯಲ್ಲಿ ಯಾವಾಗ ಎರಕ ಹೊಯ್ಯುವುದು ಒಳ್ಳೆಯದು?

ಮಲೆನಾಡಿನ ಮಳೆ ನಮ್ಮ ಕಡೆ ಬರುವಷ್ಟರಲ್ಲಿ ಸೊರಗಿರುತ್ತದೆ. ಬೆಳೆಗೆ ಅದು ಕಷ್ಟವೇ, ಪಿಯು ಎರಕಕ್ಕೆ ಮಾತ್ರ ಅನುಕೂಲ. ಡಿಸೆಂಬರ್‌ನಿಂದ ಫೆಬ್ರುವರಿವರೆಗೆ ಗಾಳಿ ಒಣ, ಬಿಸಿಲೂ ಹದ. ಒಳ್ಳೆಯ ಪೀಸುಗಳು ಬರುವ ಕಾಲ ಇದು.

ಏಪ್ರಿಲ್, ಮೇ ತಿಂಗಳಲ್ಲಿ ಕಷ್ಟ ಬೇರೆ. ಉಷ್ಣಾಂಶ 10 ಡಿಗ್ರಿ ಏರಿದರೆ ರೆಸಿನ್ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ ಅಂತ ಒಂದು ಅಂದಾಜು ಇದೆ. ಲೇಬಲ್ಲಿನ ಮೇಲೆ 25 ಡಿಗ್ರಿಗೆ 3 ನಿಮಿಷ ಅಂತ ಬರೆದಿದ್ದರೆ, ಮಧ್ಯಾಹ್ನದ ಶೀಟಿನ ಮನೆಯಲ್ಲಿ ಒಂದೂವರೆ ನಿಮಿಷವೂ ಸಿಗುವುದಿಲ್ಲ. ಸುರಿಯುವಷ್ಟರಲ್ಲಿ ಕಪ್ಪಿನಲ್ಲೇ ಬೆಣಚು ಕಲ್ಲಾಗಿರುತ್ತದೆ. ಬೆಳಗ್ಗೆ ಬೇಗ ಮಾಡಿ, ಇಲ್ಲವೇ ನಿಧಾನದ ಬಗೆಯದ್ದನ್ನು ತರಿಸಿ. ತಣ್ಣಗಾಗಲಿ ಅಂತ ಫ್ರಿಜ್ಜಿನಲ್ಲಿ ಇಟ್ಟ ಬಾಟಲಿಯನ್ನು ಹಾಗೇ ತೆರೆಯಬಾರದು, ಬಾಯಿಯ ಹತ್ತಿರ ನೀರಿನ ಪಸೆ ಕೂಡುತ್ತದೆ.

ಜೂನ್‌ನಿಂದ ಅಕ್ಟೋಬರ್‌ವರೆಗೆ ಪಿಯು ಬಾಟಲಿ ತೆರೆದಿಟ್ಟು ಮಾತಾಡುತ್ತಾ ಕೂರಬೇಡಿ. ತೂಗಿದ ಕೂಡಲೇ ಮುಚ್ಚಳ ಬಿಗಿ. ಜಡಿಮಳೆಯ ದಿನ ಮಾಸ್ಟರ್ ಉಜ್ಜುತ್ತಾ ಕಾಲ ಕಳೆಯಿರಿ, ಎರಕ ಮುಂದೂಡಿ.

ಗುಳ್ಳೆ ಹೋಗಿಸುವುದು ಹೇಗೆ? ವ್ಯಾಕ್ಯೂಮ್ ಪಂಪ್ ಎಲ್ಲಿ ಸಿಗುತ್ತೆ?

ಪಂಪ್ ಇಲ್ಲದೆಯೂ ಅರ್ಧ ಗುಳ್ಳೆ ತಪ್ಪಿಸಬಹುದು. ಸಿಲಿಕೋನನ್ನು ಮೊದಲು ಮಾಸ್ಟರ್ ಮೇಲೆ ಬ್ರಷ್‌ನಿಂದ ತೆಳ್ಳಗೆ ಹಚ್ಚಿ, ಮೂಲೆಗಳಿಗೆ ಚುಚ್ಚಿ ಚುಚ್ಚಿ ಇಳಿಸಿ. ಆಮೇಲೆ ಕಪ್ಪನ್ನು ಎತ್ತರಕ್ಕೆ ಹಿಡಿದು, ಡಬ್ಬಿಯ ಒಂದೇ ಮೂಲೆಗೆ ಜೇನಿನ ಎಳೆಯ ಥರ ಸಣ್ಣಗೆ ಸುರಿಯಿರಿ. ಆ ಎಳೆಯಲ್ಲೇ ಗುಳ್ಳೆಗಳು ಒಡೆಯುತ್ತವೆ. ಸಿಲಿಕೋನ್ ತಾನಾಗೇ ಹರಿದು ಮಾಸ್ಟರನ್ನು ಮುಚ್ಚಲಿ, ನೀವು ಅದರ ಮೇಲೆ ಸುರಿಯಬೇಡಿ.

ಪಂಪ್ ಬೇಕೇ ಬೇಕು ಅಂದರೆ ಫ್ರಿಜ್, ಎಸಿ ರಿಪೇರಿ ಸಾಮಾನಿನ ಅಂಗಡಿಗೆ ಹೋಗಿ. ಅವರು ಗ್ಯಾಸ್ ತುಂಬುವ ಮುಂಚೆ ಪೈಪು ಬರಿದು ಮಾಡಲು ಬಳಸುವ ಟೂ ಸ್ಟೇಜ್ ಪಂಪೇ ನಮಗೂ ಸಾಕು. ಗಾಳಿ ಎಳೆಯುವಾಗ ಸಿಲಿಕೋನ್ ಮೂರು ನಾಲ್ಕು ಪಟ್ಟು ಉಬ್ಬಿ ಬೀಳುತ್ತದೆ, ಪಾತ್ರೆ ದೊಡ್ಡದಿರಲಿ.

ಇಲ್ಲಿ ಒಂದು ಗೊಂದಲ ತುಂಬಾ ಜನರಿಗೆ ಬರುತ್ತದೆ. ಹೊರದೇಶದ ವಿಡಿಯೋಗಳಲ್ಲಿ "ಗೇಜು 29 ಇಂಚು ತೋರಿಸಬೇಕು" ಅನ್ನುತ್ತಾರೆ. ನಮ್ಮದು 28 ದಾಟುವುದೇ ಇಲ್ಲ, ಪಂಪು ಕೆಟ್ಟಿದೆ ಅಂತ ವಾಪಸ್ ಕಳಿಸುವವರೂ ಇದ್ದಾರೆ. ಪಂಪು ಕೆಟ್ಟಿಲ್ಲ. 29.9 ಇಂಚು (ಪಾದರಸದ ಎತ್ತರದಲ್ಲಿ ಅಳೆದ ಗಾಳಿಯ ಒತ್ತಡ) ಅನ್ನುವುದು ಸಮುದ್ರ ಮಟ್ಟದ ಲೆಕ್ಕ. ದಾವಣಗೆರೆ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು 27.9 ಇಂಚು. ಚಿತ್ರದುರ್ಗ ಸುಮಾರು 730 ಮೀಟರ್, ಅಲ್ಲಿ 27.4ರ ಸುಮಾರು. ಪೂರ್ತಿ ಬರಿದಾದರೂ ಗೇಜು ಅದಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇಲ್ಲ.

ಹಳೆ ಕುಕ್ಕರ್‌ಗೆ ಕಂಪ್ರೆಸರ್ ಜೋಡಿಸಿ ಪ್ರೆಶರ್ ಪಾಟ್ ಮಾಡಬಹುದಾ?

ಬೇಡ. ಮನೆಯ ಕುಕ್ಕರ್ ವಿಸಿಲ್ ಹೊಡೆಯುವುದು ಸುಮಾರು 15 ಪಿಎಸ್‌ಐಗೆ. ರೆಸಿನ್ ಎರಕಕ್ಕೆ ಬೇಕಾದ ಒತ್ತಡ 40ರ ಆಸುಪಾಸು. ವಿಸಿಲ್ ಮುಚ್ಚಿ ಗಾಳಿ ತುಂಬಿದರೆ ಅದು ಬಾಂಬೇ. ಪೇಂಟ್ ಸ್ಪ್ರೇಗೆ ಮಾರುವ ಪ್ರೆಶರ್ ಟ್ಯಾಂಕನ್ನು, ಸೇಫ್ಟಿ ವಾಲ್ವ್ ಇರುವುದನ್ನು, ಅದರ ಮೇಲೆ ಬರೆದ ಮಿತಿಯೊಳಗೇ ಬಳಸಿ. ಆ ಥರ ಎರಕ ಹೊಯ್ಯುವುದಾದರೆ ಸಿಲಿಕೋನ್ ಅಚ್ಚನ್ನೂ ಅದೇ ಒತ್ತಡದಲ್ಲಿ ಗಟ್ಟಿ ಮಾಡಿರಬೇಕು. ಇಲ್ಲದಿದ್ದರೆ ಸಿಲಿಕೋನಿನೊಳಗಿನ ಗುಳ್ಳೆಗಳು ಅಮುಕಿ, ಪೀಸಿನ ಮೇಲೆ ಸಣ್ಣ ಸಣ್ಣ ಬೊಕ್ಕೆ ಏಳುತ್ತವೆ.

ಮಾಸ್ಟರ್ ಪೀಸ್ ಯಾರ ಹತ್ತಿರ ಮಾಡಿಸುವುದು?

ದುಂಡಗಿನದೆಲ್ಲಾ ಲೇತಿನ ಕೆಲಸ. ಚಕ್ರದ ರಿಮ್ಮು, ಹೆಡ್‌ಲೈಟ್ ರಿಂಗು, ಏರ್ ಟ್ಯಾಂಕು. ಪಕ್ಕದ ಹರಿಹರ ಮೈಸೂರು ಕಿರ್ಲೋಸ್ಕರ್ ಲೇತುಗಳೇ ತಯಾರಾಗುತ್ತಿದ್ದ ಊರು. ಒಂದು ಅಲ್ಯೂಮಿನಿಯಂ ಚಕ್ರ ಅಂದವಾಗಿ ಕಡೆಸಿಕೊಂಡರೆ ಅದು ಜೀವಮಾನದ ಮಾಸ್ಟರ್. ಚಿತ್ರ ಬರೆದು, ಅಳತೆ ಹಾಕಿ ಕೊಂಡುಹೋಗಿ. ಬಾಯಲ್ಲಿ ಹೇಳಿದರೆ ಆಗುವುದಿಲ್ಲ.

ತ್ರೀಡಿ ಪ್ರಿಂಟ್ ಆದರೆ ಪ್ಲಾಸ್ಟಿಕ್ ಎಳೆಯಿಂದ ಮಾಡುವ ಪಿಎಲ್‌ಎ ಪ್ರಿಂಟಿಗೆ ಸಿಲಿಕೋನಿನಿಂದ ತೊಂದರೆ ಇಲ್ಲ, ಆದರೆ ಪದರದ ಗೆರೆಗಳನ್ನು ಹೋಗಿಸಬೇಕು. ಗಾಡಿ ಪೇಂಟ್ ಅಂಗಡಿಯ ಎನ್‌ಸಿ ಪುಟ್ಟಿ, ಮೇಲೆ ಸರ್ಫೇಸರ್ (ಸಣ್ಣ ಗೀರು ತುಂಬುವ ಪ್ರೈಮರ್), ಆಮೇಲೆ ನೀರು ಹಾಕಿ 400, 800, 1200ರ ಕಾಗದ. ಟಿಂಕರಿಂಗ್ ಮಾಡುವವರು ಬಾನೆಟ್ಟಿಗೆ ಮಾಡುವುದನ್ನೇ ನಾವು ಚಿಕ್ಕದಾಗಿ ಮಾಡುವುದು. ಸಿಲಿಕೋನ್ ಬೆರಳಚ್ಚನ್ನೂ ಬಿಡದೆ ನಕಲು ಮಾಡುತ್ತದೆ. ಮಾಸ್ಟರಿನ ಒಂದು ಗೀರು ಅಂದರೆ ಪ್ರತಿ ಪೀಸಿನ ಮೇಲೂ ಅದೇ ಗೀರು. ಈ ಹಂತದಲ್ಲಿ ಕಳೆದ ಸಮಯ ಯಾವತ್ತೂ ನಷ್ಟ ಅಲ್ಲ.

ಅಚ್ಚನ್ನು ಎರಡು ಭಾಗ ಮಾಡಲು ಯಾವ ಜೇಡಿ?

ಎರಡೂ ಕಡೆ ವಿವರ ಇರುವ ಪೀಸಿಗೆ ಮಾಸ್ಟರನ್ನು ಅರ್ಧದವರೆಗೆ ಜೇಡಿಯಲ್ಲಿ ಹೂತು ಅಚ್ಚಿನ ಒಂದು ಅರ್ಧ ಸುರಿಯುತ್ತೇವೆ, ಜೇಡಿ ತೆಗೆದು ಇನ್ನೊಂದು ಅರ್ಧ. ಸ್ಟೇಷನರಿ ಅಂಗಡಿಯ ಮಕ್ಕಳ ಕ್ಲೇ ಟಿನ್ ಸಿಲಿಕೋನಿಗೆ ನಡೆಯುತ್ತದೆ. ಪ್ಲಾಟಿನಂಗೆ ಗಂಧಕ ಇಲ್ಲದ ಕ್ಲೇ ಅಂತಲೇ ಕೇಳಿ ತಗೊಳ್ಳಬೇಕು. ಯಾವುದೇ ಇರಲಿ, ಒಂದು ತುಂಡಿನ ಮೇಲೆ ಒಂದು ಚಮಚ ಸಿಲಿಕೋನ್ ಹಾಕಿ ಒಂದು ರಾತ್ರಿ ಬಿಟ್ಟು, ಗಟ್ಟಿಯಾಯಿತಾ ಅಂತ ನೋಡಿ.

ಮೊದಲ ಅರ್ಧ ಗಟ್ಟಿಯಾದ ಮೇಲೆ ಎರಡನೇ ಅರ್ಧ ಸುರಿಯುವ ಮುಂಚೆ ವ್ಯಾಸಲೀನನ್ನು ತೆಳ್ಳಗೆ ಸವರುವುದು ಕಡ್ಡಾಯ. ಸಿಲಿಕೋನ್ ಸಾಮಾನ್ಯವಾಗಿ ಬೇರೆ ಯಾವುದಕ್ಕೂ ಅಂಟುವುದಿಲ್ಲ, ಸಿಲಿಕೋನಿಗೆ ಮಾತ್ರ ಬಿಡಿಸಲಾಗದಂತೆ ಅಂಟುತ್ತದೆ. ಬ್ರಷ್ ಗೆರೆ ಉಳಿಯದ ಹಾಗೆ ಸವರಿ.

ಬಣ್ಣಕ್ಕೆ ಪೇಂಟ್ ಅಂಗಡಿಯ ಸ್ಟೇನರ್, ರಂಗೋಲಿ ಪುಡಿ ಹಾಕಬಹುದಾ?

ಗೋಡೆ ಪೇಂಟಿಗೆ ಹಾಕುವ ಸ್ಟೇನರಿನಲ್ಲಿ ನೀರು ಇರಬಹುದು, ಅಕ್ರಿಲಿಕ್ ಬಣ್ಣದಲ್ಲಂತೂ ಇದ್ದೇ ಇರುತ್ತದೆ. ಪಿಯುಗೆ ಎರಡೂ ಬೇಡ. ರಂಗೋಲಿ ಪುಡಿ ದಪ್ಪ ಹರಳು, ತಳಕ್ಕೆ ಕೂರುತ್ತದೆ. ರೆಸಿನ್ ಪಿಗ್ಮೆಂಟ್ ಎರಡು ಹನಿ ಸಾಕು. ನನ್ನ ಮಟ್ಟಿಗೆ ಬಣ್ಣ ಹಾಕದೆ ಎರಕ ಹೊಯ್ದು, ಪೀಸನ್ನು ಸೋಪು ನೀರಲ್ಲಿ ತೊಳೆದು, ಪ್ರೈಮರ್ ಹೊಡೆದು ಮೇಲೆ ಪೇಂಟ್ ಮಾಡುವುದೇ ಚೆಂದ.

ಹೆಡ್‌ಲೈಟ್ ಗಾಜಿನಂಥ ಪಾರದರ್ಶಕ ಪೀಸಿಗೆ?

ಫ್ಯಾನ್ಸಿ ಸ್ಟೋರಿನ, ಕ್ರಾಫ್ಟ್ ಅಂಗಡಿಯ ಯುವಿ ರೆಸಿನ್. ಒಂದೊಂದೇ ಹನಿ ಹಾಕಿ ಬಿಸಿಲಿಗಿಟ್ಟರೆ ಗಟ್ಟಿಯಾಗುತ್ತದೆ. ನಮ್ಮೂರಲ್ಲಿ ಬಿಸಿಲಿಗೇನು ಬರ ಇಲ್ಲ. ಬೆಳಕು ತಲುಪಿದಷ್ಟೇ ಗಟ್ಟಿ, ಅದಕ್ಕೆ ತೆಳು ಪದರದಲ್ಲಿ ಹಾಕಬೇಕು.

ಮಾಸ್ಕ್ ಬೇಕೇ ಬೇಕಾ? ಎನ್-95 ಸಾಕಲ್ವಾ?

ಎನ್-95 ಧೂಳಿಗೆ. ರೆಸಿನ್ ಪೀಸು ಉಜ್ಜುವಾಗ ಹಾಕಿಕೊಳ್ಳಿ, ಇಲ್ಲವೇ ನೀರು ಹಾಕಿ ಉಜ್ಜಿ. ಆವಿಯನ್ನು ಅದು ತಡೆಯುವುದಿಲ್ಲ. ಪಿಯುವಿನ ಒಂದು ಭಾಗದಲ್ಲಿ ಐಸೊಸಯನೇಟ್ ಇರುತ್ತದೆ. ವಾಸನೆ ಅಷ್ಟಾಗಿ ಇರುವುದಿಲ್ಲ, ಹಾಗಾಗಿ ಅಪಾಯ ಇಲ್ಲ ಅನಿಸುತ್ತದೆ. ಆದರೆ ಅದು ದೇಹಕ್ಕೆ ಒಮ್ಮೆ ಒಗ್ಗದೆ ಹೋದರೆ ಆಮೇಲೆ ಸ್ವಲ್ಪ ತಗುಲಿದರೂ ಉಬ್ಬಸ ಬರುತ್ತದೆ. ಕಾರಿಗೆ ಪೇಂಟ್ ಹೊಡೆಯುವವರು ಹಾಕುವ, ಎರಡು ಕಡೆ ಕಾರ್ಟ್ರಿಜ್ ಇರುವ ಆರ್ಗ್ಯಾನಿಕ್ ವೇಪರ್ ಮಾಸ್ಕ್ ತಗೊಳ್ಳಿ. ಮನೆಯಲ್ಲಿ ಅಸ್ತಮಾ ಇರುವವರಿದ್ದರೆ ಪಿಯು ಬೇಡವೇ ಬೇಡ.

ಕೆಲಸ ಮಹಡಿಯ ಮೇಲೆ, ನೆರಳಲ್ಲಿ, ಗಾಳಿ ಆಡುವ ಕಡೆ. ಅಡುಗೆ ಮನೆಯಲ್ಲಿ ಅಲ್ಲ. ರೆಸಿನ್ನಿಗೆ ಬಳಸಿದ ಪಾತ್ರೆ ಮತ್ತೆ ಅಡುಗೆಗೆ ಬರಕೂಡದು. ಕೈಗೆ ತಗುಲಿದರೆ ಥಿನ್ನರಿನಿಂದ ತೊಳೆಯಬೇಡಿ, ಅದು ರೆಸಿನ್ನನ್ನು ಚರ್ಮದೊಳಕ್ಕೇ ಇಳಿಸುತ್ತದೆ. ಒಣ ಬಟ್ಟೆಯಲ್ಲಿ ಒರೆಸಿ, ಸೋಪು ಹಾಕಿ ತೊಳೆಯಿರಿ.

ಸಿಲಿಕೋನ್, ಪಿಯು ತರಿಸುವಾಗ ಏನು ನೋಡಬೇಕು?

ತಯಾರಾದ ತಿಂಗಳು ಕೇಳಿ, ಫೋಟೋ ಕಳಿಸಿ ಅನ್ನಿ. ಸೀಲ್ ಒಡೆದು ಚಿಕ್ಕ ಬಾಟಲಿಗೆ ತುಂಬಿ ಮಾರುವ ಪಿಯು ಅಗ್ಗ ಇದ್ದರೂ ಬೇಡ, ತುಂಬುವಾಗಲೇ ತೇವ ಸೇರಿರುತ್ತದೆ. ದ್ರವ ರಾಸಾಯನಿಕವನ್ನು ಸಾಮಾನ್ಯವಾಗಿ ರಸ್ತೆ ಮೂಲಕವೇ ಕಳಿಸುತ್ತಾರೆ, ವಾರ ಹಿಡಿಯಬಹುದು. ಬೆಂಗಳೂರಿಗೆ ಹೇಗೂ ಹೋಗುವವರಿದ್ದರೆ ಅಂಗಡಿಗೇ ಹೋಗಿ ತರುವುದು ವಾಸಿ, ಹೆದ್ದಾರಿಯಲ್ಲಿ ಸುಮಾರು 260 ಕಿ.ಮೀ. ಆದರೆ ಇಂಥ ಡಬ್ಬ ಹಿಡಿದು ರೈಲು ಹತ್ತಬೇಡಿ. ಬೇಗ ಉರಿಯುವ ವಸ್ತುಗಳನ್ನು ರೈಲಿನಲ್ಲಿ ಒಯ್ಯುವುದು ಅಪರಾಧ.

ಮೂರು ನಾಲ್ಕು ಜನ ಸೇರಿ ತರಿಸಿ, ಬಂದ ವಾರದಲ್ಲೇ ಎಲ್ಲರೂ ಒಟ್ಟಿಗೆ ಕೂತು ಎರಕ ಹೊಯ್ಯುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಸಾಮಾನು ಹಳೆಯದಾಗುವುದಿಲ್ಲ, ಹೊಸಬರಿಗೆ ಕೈಯೂ ಕೂಡುತ್ತದೆ.

ಚಿತ್ರದುರ್ಗದಲ್ಲಿ ಇರುವವರು?

ಬೋರ್ಡ್ ಅಂಗಡಿ, ಗಾಡಿ ಪೇಂಟು, ಎಪಾಕ್ಸಿ ಅಲ್ಲೇ ನೋಡಿಕೊಳ್ಳಿ. ಡೆಂಟಲ್ ಸಾಮಾನಿಗೆ ದಾವಣಗೆರೆಗೆ ಬನ್ನಿ, ಒಂದೂವರೆ ಗಂಟೆ ದಾರಿ ಅಷ್ಟೇ. ಬೆಂಗಳೂರು ನಿಮಗೆ ನಮಗಿಂತ ಹತ್ತಿರ.

ಕಂಪನಿ ಕಿಟ್ಟಿನ ಪೀಸಿಗೆ ಅಚ್ಚು ತೆಗೆದು ಮಾರಬಹುದಾ?

ಕಳೆದುಹೋದ ಒಂದು ಕನ್ನಡಿಯನ್ನು ನಿಮ್ಮ ಮಾಡೆಲ್ಲಿಗೇ ಮಾಡಿಕೊಳ್ಳುವುದು ಬೇರೆ. ಬೇರೆಯವರು ತಿಂಗಳುಗಟ್ಟಲೆ ಕೂತು ಮಾಡಿದ ಮಾಸ್ಟರನ್ನು ನಕಲು ಹೊಡೆದು ಮಾರುವುದು ಕಳ್ಳತನವೇ. ದೊಡ್ಡ ಕಂಪನಿ ಇರಲಿ, ಪಕ್ಕದ ಬೀದಿಯ ಹುಡುಗ ಇರಲಿ. ನಮ್ಮ ರಸ್ತೆಯ ಬಸ್ಸು, ಲಾರಿಗಳ ಪೀಸು ಕಿಟ್ಟುಗಳಲ್ಲಿ ಸಿಗುವುದು ತೀರಾ ಅಪರೂಪ. ಮಾರುವ ಆಸೆ ಇದ್ದರೆ ಅವನ್ನು ನೀವೇ ಅಳೆದು, ನೀವೇ ಮಾಡಿ. ಕೊಳ್ಳುವವರು ಖಂಡಿತ ಇದ್ದಾರೆ.

ಉಳಿದ ರೆಸಿನ್, ಹರಿದ ಅಚ್ಚು ಏನು ಮಾಡುವುದು?

ದ್ರವವಾಗಿ ಚರಂಡಿಗೆ, ಸಿಂಕಿಗೆ ಸುರಿಯಬೇಡಿ. ಎರಡೂ ಭಾಗ ಸರಿಯಾದ ಅಳತೆಯಲ್ಲಿ ಸ್ವಲ್ಪ ಸ್ವಲ್ಪವೇ ಬೆರೆಸಿ, ಗಟ್ಟಿ ಮಾಡಿ ಒಣ ಕಸಕ್ಕೆ ಹಾಕಿ. ಸುಡುವುದಂತೂ ಬೇಡ. ಕಪ್ಪಿನಲ್ಲಿ ಪ್ರತಿ ಸಲವೂ ಒಂದಿಷ್ಟು ರೆಸಿನ್ ಮಿಗುತ್ತದೆ. ಅದಕ್ಕಾಗಿ ಮೂಟೆ, ಡ್ರಮ್ಮು, ಸ್ಟೆಪ್ನಿ ಇಂಥ ಒಂದು ಸಣ್ಣ ಅಚ್ಚು ಪಕ್ಕದಲ್ಲೇ ಇಟ್ಟುಕೊಂಡಿರಿ. ಹರಿದ ಸಿಲಿಕೋನ್ ಅಚ್ಚನ್ನು ಸಣ್ಣ ಚೂರು ಮಾಡಿ, ಮುಂದಿನ ಅಚ್ಚಿನಲ್ಲಿ ಮಾಸ್ಟರಿನಿಂದ ದೂರ ಇರುವ ಜಾಗಕ್ಕೆ ತುಂಬಬಹುದು. ಹೊಸ ಸಿಲಿಕೋನ್ ಹಳೆಯದಕ್ಕೆ ಚೆನ್ನಾಗಿ ಕಚ್ಚಿಕೊಳ್ಳುತ್ತದೆ, ಖರ್ಚೂ ಉಳಿಯುತ್ತದೆ. ಟಿನ್ ಚೂರನ್ನು ಪ್ಲಾಟಿನಂ ಅಚ್ಚಿಗೆ ಮಾತ್ರ ಹಾಕಬೇಡಿ.